ಪಂಕ್ತಿಯಿಂದ ಎದ್ದುಹೋದವರು

ಮೊನ್ನೆ ಮುಂಜಾನೆ ಲಿಂಗಪೂಜೆಯನ್ನು ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ, ಸಿಂದಗಿಯ ನಮ್ಮ ಮನೆಯ ಪಡಸಾಲೆಯ ಹಲಗೆಯ ಮೇಲೆ ಕುಳಿತು ಪತ್ರಿಕೆಯನ್ನು ಬಿಡಿಸಿದ್ದೆ. ದೇಶದಲ್ಲಿ ನಿರುದ್ಯೋಗದ ಪ್ರಮಾಣ ಇಳಿದಿದೆಯೆಂದು ಮೊದಲ ಪುಟದಲ್ಲಿಯೇ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಎಂಬತ್ತು ದಾಟಿದವನಿಗೆ ಏನಾದರೊಂದು ಇಳಿಯಿತೆಂದರೆ ಸಂತೋಷವೇ. ಜ್ವರವಾಗಲಿ, ಕಾಲಿನ ಬಾವಾಗಲಿ, ನಿರುದ್ಯೋಗವಾಗಲಿ. ಸಂತೋಷಪಡುವುದಕ್ಕೆ ಕನ್ನಡಕವನ್ನು ಒರೆಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಪತ್ರಿಕೆಯ ಮೇಲೆ ನೆರಳು ಬಿದ್ದಿತು.

ಬಾಗಿಲಲ್ಲಿ ಒಬ್ಬ ತರುಣಿ ನಿಂತಿದ್ದಳು. ಕೊರಳಲ್ಲಿ ಗುರುತಿನ ಚೀಟಿ, ಹೆಗಲಿಗೆ ಚೀಲ, ಕೈಯಲ್ಲಿ ಮೊಬೈಲು.

“ಅಜ್ಜಾರ, ಸರ್ವೇಕ್ಕ ಬಂದೇನ್ರಿ. ಮನ್ಯಾಗ ಎಷ್ಟ ಮಂದಿ ಅದೀರಿ? ಯಾರ್ಯಾರು ಏನೇನ ಕೆಲಸ ಮಾಡ್ತೀರಿ?”

ನನ್ನದನ್ನು ಹೇಳಿದೆ, ಮಗನದನ್ನು ಹೇಳಿದೆ, ಸೊಸೆಯದನ್ನು ಹೇಳಿದೆ. ಸರದಿ ಮೊಮ್ಮಗಳು ಗಿರಿಜೆಯ ಬಳಿಗೆ ಬಂದಿತು. ಗಿರಿಜೆ ಪದವಿಯನ್ನು ಪಡೆದು, ಅದರ ಮೇಲೆ ಶಿಕ್ಷಕ ತರಬೇತಿಯನ್ನೂ ಮುಗಿಸಿ, ಒಳಗಿನ ಕೋಣೆಯಲ್ಲಿ ಪರೀಕ್ಷೆಗಳಿಗೆ ಓದುತ್ತಾ ಕುಳಿತವಳು. ನಾನು ಬಾಯಿ ತೆರೆಯುವುದಕ್ಕೆ ಮುನ್ನವೇ ಅಡುಗೆಮನೆಯಿಂದ ಸೊಸೆಯ ದನಿ ಬಂದಿತು:

“ಮಾವಾರ, ಆಕಿ ಟ್ಯೂಶನ್ ಹೇಳ್ತಾಳ ಅಂತ ಬರಿಸ್ರಿ! ಕೆಲಸ ಐತಿ ಅಂತನ ಬರಿಸ್ರಿ!”

ನನ್ನ ನಾಲಿಗೆಯೂ ಅದನ್ನೇ ಹೇಳಲು ಸಿದ್ಧವಾಗಿತ್ತು. ಆದರೆ ಹಾಗೆಯೇ ತಡೆದುಕೊಂಡೆ. ಅರವತ್ತು ವರ್ಷಗಳ ಹಿಂದೆ ಇದೇ ಸೀಮೆಯ ಬಾಗಿಲುಗಳಲ್ಲಿ ನಿಂತು ಇದೇ ಪ್ರಶ್ನೆಯನ್ನು ಕೇಳಿದವನು ನಾನು. ಇದೇ ಉತ್ತರವನ್ನು ಬರೆದುಕೊಂಡವನೂ ನಾನೇ. “ಕೂಡವ್ವಾ, ಬಿಸಲಾಗ ಬಂದಿ, ಚಹಾ ಕುಡಿ,” ಎಂದೆ. ಚಹಾ ಕುದಿಯುವಷ್ಟು ಹೊತ್ತನ್ನು ಓದುಗರಾದ ತಾವೂ ನನಗೆ ದಯಪಾಲಿಸಬೇಕು.

ಅದು ಅರವತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಮಠದ ಪಾಠಶಾಲೆಯಲ್ಲಿ ಶಬ್ದರೂಪ, ಧಾತುರೂಪಗಳನ್ನು ಉರುಹೊಡೆದು, ಬಳಿಕ ಮೆಟ್ರಿಕ್ಕನ್ನೂ ದಾಟಿ, ಎರಡು ವಿದ್ಯೆಗಳ ನಡುವೆ ನಿಂತಿದ್ದೆ. ಸಂಸ್ಕೃತ ಬಲ್ಲವನೆಂದು ಸರ್ಕಾರದವರು ಕರೆಯಲಿಲ್ಲ. ಮೆಟ್ರಿಕ್ ಆದವನೆಂದು ಮಠದವರು ಉಳಿಸಿಕೊಳ್ಳಲಿಲ್ಲ. ಎರಡು ವರ್ಷ ಮನೆಯಲ್ಲಿಯೇ ಇದ್ದೆ. ಯಾರಾದರೂ ಬಂದು “ಹುಡುಗ ಏನ ಮಾಡಾಕತ್ತಾನ್ರಿ?” ಎಂದು ಕೇಳಿದರೆ ನಮ್ಮ ತಂದೆಯವರು ಗಂಭೀರವಾಗಿ “ಓದಾಕತ್ತಾನ” ಎನ್ನುತ್ತಿದ್ದರು. ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ ನಾನು ಎಂದೋ ಓದಿ ಮುಗಿಸಿದ್ದೆನೆಂಬುದು ಅವರಿಗೂ ಗೊತ್ತಿತ್ತು.

ತಂದೆಯವರ ವಿಷಯವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಲೇಬೇಕು. ಮುಂದಿನ ಅನರ್ಥಕ್ಕೆಲ್ಲ ಅವರ ಕೀರ್ತಿಯೇ ಮೂಲ. ನಾವು ಅಯ್ಯನವರ, ಎಂದರೆ ಜಂಗಮ ಪುರೋಹಿತರ, ಮನೆತನದವರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ಭಕ್ತರ ಮನೆಗಳಲ್ಲಿ ಮದುವೆಗಳನ್ನು ಮಾಡಿಸುವವರು ನಮ್ಮ ತಂದೆಯವರು. ಮಾಡಿಸುವುದಕ್ಕೆ ಮುನ್ನ ಕೂಡಿಸುವವರೂ ಅವರೇ. ಯಾವ ಊರಿನಲ್ಲಿ ಯಾರ ಮಗನಿಗೆ ಮೀಸೆ ಮೂಡಿತು, ಯಾರ ಮಗಳು ಏಳನೆಯ ಇಯತ್ತೆ ಮುಗಿಸಿದಳು ಎಂಬುದು ಅವರ ನಾಲಿಗೆಯ ತುದಿಯಲ್ಲಿರುತ್ತಿತ್ತು. ಹೆಗಲಿಗೆ ಚೀಲವನ್ನು ಹಾಕಿಕೊಂಡು ಅವರು ಒಂದು ಓಣಿಯನ್ನು ಹೊಕ್ಕರೆ, ಮದುವೆಗೆ ಬಂದ ಗಂಡು ಮಕ್ಕಳಿದ್ದ ಮನೆಗಳಲ್ಲಿ ಅಂಗಳಕ್ಕೆ ಎರಡನೆಯ ಸಲ ಕಸ ಹೊಡೆಯುತ್ತಿದ್ದರು.

ಆ ದಿನಗಳಲ್ಲಿ ಹಳ್ಳಿಗಳಲ್ಲಿ ಉದ್ಯೋಗವಿಲ್ಲದ ತರುಣರೆಷ್ಟು ಎಂದು ಎಣಿಸುವ ಒಂದು ತಾತ್ಕಾಲಿಕ ಕೆಲಸಕ್ಕೆ ಮೆಟ್ರಿಕ್ ಆದವರನ್ನು ಕರೆದರು. ನಾಲ್ಕು ತಿಂಗಳ ಅವಧಿ. ನಾನು ಅರ್ಜಿ ಹಾಕಿದೆ, ಆಯ್ಕೆಯಾದೆ. ಅವ್ವ ನೇಮಕದ ಕಾಗದವನ್ನು ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚಿದಳು. ನಿರುದ್ಯೋಗಿಗಳನ್ನು ಎಣಿಸುವುದೇ ನನ್ನ ಮೊದಲ ಉದ್ಯೋಗವಾಯಿತು. ಎಣಿಸಲು ಹೊರಟ ದಿನವೇ ತಾಲೂಕಿನಲ್ಲಿ ಒಬ್ಬ ನಿರುದ್ಯೋಗಿ ಕಡಿಮೆಯಾಗಿದ್ದ!

ನಮ್ಮ ಮೇಲ್ವಿಚಾರಕರು ಹುಸೇನಸಾಹೇಬರು. ಮುದ್ದೇಬಿಹಾಳದಲ್ಲಿ ತಲೆತಲಾಂತರದಿಂದ ನೆಲೆನಿಂತ ಮನೆತನದವರು. ಕರಿಯ ಟೋಪಿ, ಇಸ್ತ್ರಿ ಮಾಡಿದ ಕೋಟು, ಮೆಲ್ಲಗಿನ ಮಾತು. ಸಾಲೆಯ ಒಂದು ಕೋಣೆಯಲ್ಲಿ ನಮ್ಮನ್ನೆಲ್ಲ ಕೂಡಿಸಿ ನಿಯಮಗಳನ್ನು ತಿಳಿಸಿಕೊಟ್ಟರು. ವಾರದಲ್ಲಿ ಸ್ವಲ್ಪ ಹೊತ್ತು ದುಡಿದಿದ್ದರೂ ಅವನು ಉದ್ಯೋಗಿ. ದುಡಿಯದೆ, ಆದರೆ ಕೆಲಸವನ್ನು ಹುಡುಕುತ್ತಿದ್ದರೆ ಅವನು ನಿರುದ್ಯೋಗಿ. ದುಡಿಯದೆ, ಹುಡುಕದೆಯೂ ಇದ್ದರೆ ಅವನು ಲೆಕ್ಕದ ಹೊರಗೆ. ಈ ಮೂರನೆಯದು ನನ್ನ ತಲೆಗೆ ಹೋಗಲಿಲ್ಲ. ವ್ಯಾಕರಣದಲ್ಲಿ ಅಪವಾದಗಳನ್ನು ಕಂಡವನೇ. ಆದರೆ ಮನುಷ್ಯನನ್ನೇ ಅಪವಾದ ಮಾಡುವ ಸೂತ್ರವನ್ನು ಕಂಡಿರಲಿಲ್ಲ. ಎದ್ದು ನಿಂತು ಕೇಳಿದೆ.

ಸಾಹೇಬರು ನನ್ನ ಹಣೆಯ ವಿಭೂತಿಯನ್ನು ನೋಡಿ ಮುಗುಳ್ನಕ್ಕರು. “ಅಯ್ಯಾರ, ನಿಮಗ ನಿಮ್ಮ ಮಠದ ಪಂಗತಿ ಲೆಕ್ಕದಾಗ ಹೇಳ್ತೇನಿ ಕೇಳ್ರಿ. ಹತ್ತು ಮಂದಿ ಊಟಕ್ಕ ಕೂತಾರ. ಎಂಟು ಮಂದಿ ಪತ್ರಾವಳಿಗೆ ಅನ್ನ ಬಿತ್ತು. ಹೊಟ್ಟಿ ತುಂಬಿತೋ ಇಲ್ಲೋ ನಾವು ಕೇಳೂದಿಲ್ಲ. ಒಂದು ತುತ್ತು ಬಿದ್ರೂ ಉಂಡಾಂವ ಅಂತನ ಬರಿಯೂದು. ಇನ್ನಿಬ್ಬರದು ಖಾಲಿ ಪತ್ರಾವಳಿ. ಹತ್ತರಾಗ ಇಬ್ಬರು. ಇದ ನೋಡ್ರಿ ನಿರುದ್ಯೋಗದ ಪ್ರಮಾಣ ಅಂದ್ರ.”

“ಆ ಇಬ್ಬರು ಕಾದು ಕಾದು ಬ್ಯಾಸತ್ತು ಎದ್ದು ಹ್ವಾದ್ರರಿ?”

“ಎದ್ದು ಹ್ವಾದ್ರ ಪಂಗತ್ಯಾಗ ಉಳದಾಂವ್ರು ಎಂಟ ಮಂದಿ. ಎಂಟೂ ಮಂದೀಗೆ ಊಟ ಮುಟ್ಟೇತಿ. ಖಾಲಿ ಪತ್ರಾವಳಿ ಒಂದೂ ಇಲ್ಲ.”

“ಆದ್ರ ಅವರು ಹಸದಾರಲ್ರಿ ಸಾಹೇಬ್ರ!”

“ಹಸದಾರ್ರಿ,” ಎಂದರು ಸಾಹೇಬರು, ಪುಸ್ತಕವನ್ನು ಮುಚ್ಚುತ್ತಾ. “ಆದ್ರ ನಮ್ಮ ಪುಸ್ತಕದಾಗ ಕೂತಾಂವನ ಹಸಿವಿಗೆ ಕಾಲಂ ಐತಿ. ಎದ್ದಾಂವನ ಹಸಿವಿಗೆ ಇಲ್ಲ.”

ಅವರು ಇನ್ನೆರಡು ನಿಯಮಗಳನ್ನು ಹೇಳಿದರು. ಮನೆಯ ಯಜಮಾನರು ಹೇಳಿದ್ದನ್ನೇ ಬರೆಯಬೇಕು. ನಮಗೆ ಬೇರೆ ಏನಾದರೂ ಗೊತ್ತಿದ್ದರೆ ಅದನ್ನು ಸೇರಿಸಬಾರದು. ಬರೆದುದನ್ನು ತಿದ್ದಬಾರದು, ತಿದ್ದಲೇಬೇಕಾದರೆ ತಮ್ಮ ಬಳಿಗೆ ಬಂದು ಕಾರಣ ಹೇಳಿ ಸಹಿ ಪಡೆಯಬೇಕು. ಮಠದ ಹಳೆಯ ಗ್ರಂಥದ, ಪೋಥಿಯ, ಒಂದಕ್ಷರವನ್ನು ಬದಲಿಸಿದರೂ ದೋಷವೆಂದು ನಂಬಿ ಬೆಳೆದ ನನಗೆ ಈ ನಿಯಮಗಳು ಬಹಳ ಹಿಡಿಸಿದವು. ಮನುಷ್ಯನಿಗೆ ಯಾವ ನಿಯಮ ಹೆಚ್ಚು ಹಿಡಿಸುತ್ತದೆಯೋ ಅದರ ಹಿಂದೆಯೇ ಅವನು ಮುಂದೆ ಅಡಗಿ ಕೂಡ್ರುತ್ತಾನೆಂಬುದು ಆಗ ತಿಳಿದಿರಲಿಲ್ಲ.

ಊರುಗಳನ್ನು ತಿರುಗತೊಡಗಿದೆ. ಮೊದಲ ದಿನ ಮೊದಲ ಮನೆಯ ಬಾಗಿಲಲ್ಲಿ ನಿಂತು ಗಂಟಲನ್ನು ಸರಿಪಡಿಸಿಕೊಂಡೆ, ಅಷ್ಟೆ; ಅಯ್ಯನವರು ಭಿಕ್ಷಕ್ಕೆ ಬಂದರೆಂದು ಒಳಗಿನಿಂದ ತಾಯಿಯೊಬ್ಬಳು ಮೊರದ ತುಂಬ ಜೋಳದ ಹಿಟ್ಟನ್ನು ತಂದು ಚೀಲದ ಬಾಯಿ ತೆರೆಯುವಂತೆ ಸನ್ನೆ ಮಾಡಿದಳು. ಸರ್ಕಾರದ ಪುಸ್ತಕದ ಮೇಲೆ ಹಿಟ್ಟು ಬೀಳದಂತೆ ಕಾಯುವುದೇ ನನ್ನ ಮೊದಲ ಸಾಹಸವಾಯಿತು. ಅದು ಚಿಕ್ಕ ತಪ್ಪು ತಿಳಿವಳಿಕೆ. ದೊಡ್ಡದು ಮರುದಿನ ಬಂದಿತು.

ಹರಕು ರುಮಾಲಿನ ಒಬ್ಬ ಯಜಮಾನರು ಕಂಬಳಿ ಹಾಸಿ ಕೂಡಿಸಿದರು. ನಾನು ಪುಸ್ತಕವನ್ನು ಬಿಡಿಸಿ ಕೇಳತೊಡಗಿದೆ. ಮನೆಯಲ್ಲಿ ವಯಸ್ಸಿಗೆ ಬಂದ ಮಕ್ಕಳೆಷ್ಟು? ಎರಡು. ವಯಸ್ಸೆಷ್ಟು? ಇಪ್ಪತ್ತೆರಡು, ಹತ್ತೊಂಬತ್ತು. ಎಷ್ಟು ಓದಿದ್ದಾರೆ? ಹೊಲವೆಷ್ಟು? ಏನು ಕೆಲಸ? ಯಜಮಾನರು ಪ್ರತಿಯೊಂದು ಪ್ರಶ್ನೆಗೂ ಹಿಗ್ಗುತ್ತಾ ಹೋದರು. ಒಳಗೆ ಒಗ್ಗರಣೆಯ ಸದ್ದು ಕೇಳಿತು. ತಟ್ಟೆಯಲ್ಲಿ ಒಗ್ಗರಣೆ ಚುರುಮುರಿ ಬಂದಿತು. ಕಡೆಗೆ ಅವರು ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು:

“ಅಯ್ಯಾರ, ಹುಡುಗಿ ಇಂಡಿ ಕಡೆಯಾಕೇನ್ರಿ, ಬಾಗೇವಾಡಿ ಕಡೆಯಾಕಿ?”

ಆಗ ನನಗೆ ಎಲ್ಲವೂ ಸ್ಪಷ್ಟವಾಯಿತು. ವಯಸ್ಸು, ಓದು, ಹೊಲ, ಕೆಲಸ. ಸರ್ಕಾರದ ಕಾಲಂಗಳು ನಮ್ಮ ತಂದೆಯವರ ಪ್ರಶ್ನೆಗಳೇ ಆಗಿದ್ದವು, ಕ್ರಮವೂ ಅದೇ. ಮಗ ತಂದೆಯ ಕಾಯಕವನ್ನು ಹಿಡಿದಿದ್ದಾನೆ, ಈಗಿನ ಕಾಲದವನಾದ್ದರಿಂದ ಬರೆದುಕೊಳ್ಳುತ್ತಿದ್ದಾನೆ ಎಂದು ಊರೂರು ತಿಳಿದುಕೊಂಡಿತ್ತು. ಬೆಳೆದ ಮಗ ಮನೆಯಲ್ಲಿ ಸುಮ್ಮನೆ ಕುಳಿತಿದ್ದಾನೆಂದು ನಮ್ಮ ಸೀಮೆಯಲ್ಲಿ ಹೊರಗಿನವರ ಮುಂದೆ ಹೇಳುವ ವಾಡಿಕೆಯೇ ಇಲ್ಲ. ಹೆಣ್ಣು ಹುಡುಕುವ ಅಯ್ಯನವರ ಮುಂದೆ ಹೇಳುವುದುಂಟೆ? ನಾನು ನೂರು ಸಲ ಹೇಳಿದೆ, ಇದು ಸರ್ಕಾರದ ಎಣಿಕೆ ಎಂದು. “ಹೌದ್ರಿ, ಹೌದ್ರಿ, ಈಗ ಎಲ್ಲಾ ಸರ್ಕಾರದ್ದ ಐತ್ರಿ,” ಎಂದು ಅವರು ಕಣ್ಣು ಮಿಟುಕಿಸುತ್ತಿದ್ದರು. ಹೋದ ಊರುಗಳಲ್ಲೆಲ್ಲ ತರುಣರು ದುಡಿಯುವವರೇ ಆದರು. ಒಬ್ಬ ಅಡತಿ ಅಂಗಡಿಯಲ್ಲಿ ಗುಮಾಸ್ತ, ಒಬ್ಬ ಮಾಸ್ತರ, ಒಬ್ಬ ಸೊಲ್ಲಾಪುರದ ಗಿರಣಿಯಲ್ಲಿ ಆಳುಗಳ ಮೇಲಿನ ಜಾಬರ. ಆ ಜಾಬರನೇ ನನಗೆ ಕುಡಿಯಲು ನೀರು ತಂದುಕೊಟ್ಟ!

ಎರಡು ವಾರಗಳ ಬಳಿಕ ಹುಸೇನಸಾಹೇಬರು ನನ್ನ ಪುಸ್ತಕವನ್ನು ಹಾಳೆ ಹಾಳೆಯಾಗಿ ತಿರುವಿ, ಟೋಪಿಯನ್ನು ತೆಗೆದು ಮೇಜಿನ ಮೇಲಿಟ್ಟರು.

“ಏನ್ರಿ ಅಯ್ಯಾರ, ಸಿಂದಗಿ ತಾಲೂಕಿನಾಗ ಕೈಲಾಸ ಇಳದಾಂಗ ಕಾಣತೈತಿ. ಒಬ್ಬ ಮಗನೂ ಖಾಲಿ ಇಲ್ಲಲ್ರಿ!”

“ಅವರು ಹೇಳಿದ್ದ ಬರದೇನ್ರಿ.”

“ಬರೀರಿ, ಬರೀರಿ. ಮ್ಯಾಲಿನವ್ರು ಭಾಳ ಖುಷಿ ಆಗ್ತಾರ.”

ಇಷ್ಟರವರೆಗೆ ಇದು ನಗುವ ಮಾತಾಗಿಯೇ ಇತ್ತು. ಇನ್ನು ಚನ್ನಪ್ಪನ ವಿಷಯ.

ಚನ್ನಪ್ಪ ಕನ್ನೊಳ್ಳಿಯವನು; ಸಿಂದಗಿಯ ಸಾಲೆಯಲ್ಲಿ ನನ್ನೊಡನೆ ಒಂದೇ ಬೆಂಚಿನಲ್ಲಿ ಕುಳಿತು ಮೆಟ್ರಿಕ್ ಮುಗಿಸಿದವನು. ತಂದೆಯಿಲ್ಲ; ತಾಯಿ ನೀಲವ್ವನೇ ಮನೆಯ ಯಜಮಾನಿ. ಅವನು ಜಿಲ್ಲೆಯ ಊರಿನ ಉದ್ಯೋಗ ಕಚೇರಿಯಲ್ಲಿ ಹೆಸರು ಹಚ್ಚಿ, ನಸುಗೆಂಪು ಬಣ್ಣದ ಕಾರ್ಡನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ. ಅದನ್ನು ಆಗಾಗ ಹೋಗಿ ಹೊಸದು ಮಾಡಿಸಿಕೊಂಡು ಬರಬೇಕಿತ್ತು. ನಮ್ಮ ಎಣಿಕೆಯ ಸುದ್ದಿಯೊಡನೆ ಇನ್ನೊಂದು ಸುದ್ದಿಯೂ ಹಬ್ಬಿತ್ತು. ಅದು ನಿಜವೂ ಆಗಿತ್ತು. ಎಣಿಕೆಯ ಪುಸ್ತಕದಲ್ಲಿ ನಿರುದ್ಯೋಗಿ ಎಂದು ಬಂದ ಮೆಟ್ರಿಕ್ ಪಾಸಾದವರ ಪಟ್ಟಿ ಮೇಲಕ್ಕೆ ಹೋಗುವುದು. ಅದರಿಂದ ಕೆಲವರನ್ನು ಗ್ರಾಮಸೇವಕರ ತರಬೇತಿಗೆ ಕರೆಯುವರು. ಚನ್ನಪ್ಪ ನನಗಿಂತ ದೊಡ್ಡವನು. ಬರುವ ವರ್ಷ ಅವನ ವಯಸ್ಸು ಆ ತರಬೇತಿಯ ಮಿತಿಯನ್ನು ದಾಟುತ್ತಿತ್ತು.

ಬಸ್ ನಿಲ್ದಾಣದ ಚಹದಂಗಡಿಯಲ್ಲಿ ಸಿಕ್ಕು ನನ್ನ ಚೀಲದ ಹಿಡಿಕೆಯನ್ನೇ ಹಿಡಿದುಕೊಂಡ.

“ಏ ಅಯ್ಯಾ, ನಮ್ಮೂರಿಗೆ ಯಾವಾಗ ಬರ್ತಿ?”

“ಬರೂ ವಾರ ಬರ್ತೇನಿ.”

“ನನ್ನ ಹೆಸರಿನ ಮುಂದ ಕೆಲಸ ಇಲ್ಲ ಅಂತ ಬರಿ. ನಮ್ಮವ್ವ ಏನರೆ ಅನ್ಲಿ, ನೀ ಹಂಗ ಬರಿ. ಊರ ಮಂದಿ ಕೆಲಸ ಐತಿ ಅಂತ ಬರಿಸಾಕ ಬಡದಾಡತೈತಿ, ನಾ ಇಲ್ಲ ಅಂತ ಬರಿಸಾಕ ನಿನ್ನ ಕಾಲ ಹಿಡಿಯಾಕತ್ತೇನಿ ನೋಡು.”

“ಕಾಲ ಅಲ್ಲಪಾ, ಚೀಲ ಹಿಡದೀ. ಬಿಡು, ಹರೀತೈತಿ,” ಎಂದೆ. ಇಬ್ಬರೂ ನಕ್ಕೆವು. ಮಾತು ಕೊಟ್ಟೆನೆಂದೇ ಅವನು ತಿಳಿದ. ಕೊಟ್ಟೆನೆಂದೇ ನಾನೂ ತಿಳಿದಿದ್ದೆ.

ಕನ್ನೊಳ್ಳಿಗೆ ಹೋದ ದಿನ ಚನ್ನಪ್ಪ ಊರಿನಲ್ಲಿರಲಿಲ್ಲ. ಕಾರ್ಡನ್ನು ಹೊಸದು ಮಾಡಿಸಲು ಹೋಗಿದ್ದ. ಪಡಸಾಲೆಯಲ್ಲಿ ಹೊಸ ಜಮಖಾನೆ ಹಾಸಿತ್ತು. ಅದರ ಮೇಲೆ ದೊಡ್ಡ ರುಮಾಲಿನ ಹಿರಿಯರೊಬ್ಬರು ಕುಳಿತಿದ್ದರು. ನೀಲವ್ವ ನನ್ನನ್ನು ಕಂಡು ಒಂದು ಕ್ಷಣ ಬೆಚ್ಚಿ, ಬಳಿಕ ತಲೆಯ ಸೆರಗನ್ನು ಸರಿಪಡಿಸಿಕೊಂಡು, “ಬರ್ರಿ ಅಯ್ಯಾರ. ಇವರು ದೇವಣಗಾಂವದವರು. ಹುಡುಗಿ ಸ್ವಾದರಮಾವ,” ಎಂದಳು. ಈ ಸಲ ಹೆಣ್ಣಿನ ಕಡೆಯವರು ನಿಜವಾಗಿಯೂ ಬಂದಿದ್ದರು.

ನಾನು ಹಿಂದಿರುಗಬಹುದಾಗಿತ್ತು, ನಾಳೆ ಬರುತ್ತೇನೆಂದು ಹೇಳಬಹುದಾಗಿತ್ತು. ಅದು ಈಗ ಹೊಳೆಯುತ್ತದೆ. ಆಗ ಪುಸ್ತಕವನ್ನು ಬಿಡಿಸಿ ಕುಳಿತೆ. ಮಗನ ವಯಸ್ಸು ಕೇಳಿದೆ, ಓದು ಕೇಳಿದೆ. ಇನ್ನು ಕೇಳಬೇಕಾದುದನ್ನು ಕೇಳದೆ ತಡವರಿಸಿದೆ. ದೇವಣಗಾಂವದ ಹಿರಿಯರು ತಾವೇ ಕೇಳಿದರು:

“ಕೆಲಸದ್ದು ಬರಕೊಳ್ರಿ ಅಯ್ಯಾರ. ಅದ ಮುಖ್ಯ.”

ನೀಲವ್ವ ನನ್ನ ಮುಖವನ್ನು ನೋಡಿದಳು. ಎಷ್ಟೋ ಸಲ ಆ ಮನೆಯಲ್ಲಿ ಅವಳ ಕೈಯ ರೊಟ್ಟಿಯನ್ನು ಉಂಡವನು ನಾನು. ಅವಳ ದನಿ ಸ್ವಲ್ಪವೂ ನಡುಗಲಿಲ್ಲ. ಕಣ್ಣು ಮಾತ್ರ ನನ್ನ ಲೇಖನಿಯ ಮೇಲಿತ್ತು.

“ಮಾಸ್ತರ ಅದಾನ್ರಿ. ಹೂವಿನ ಹಿಪ್ಪರಗಿಯೊಳಗ. ಬರಕೋರಿ.”

ನಾನು ಬರೆದುಕೊಂಡೆ. ಹಿರಿಯರು ಕುತ್ತಿಗೆಯನ್ನು ಚಾಚಿ, ಸರ್ಕಾರದ ಪುಸ್ತಕದಲ್ಲಿ ಮಸಿಯಿಂದ ಮೂಡಿದ ಅಕ್ಷರಗಳನ್ನು ನೋಡಿ ತೃಪ್ತಿಯಿಂದ ತಲೆದೂಗಿದರು. ಅಂದು ನನ್ನ ಪುಸ್ತಕ ಒಂದು ಮದುವೆಗೆ ಸಾಕ್ಷಿಯಾಯಿತು. ತಂದೆಯವರು ಕಂಡಿದ್ದರೆ ಹೆಮ್ಮೆಪಡುತ್ತಿದ್ದರು.

ಮೂರನೆಯ ದಿನ ಚನ್ನಪ್ಪ ನಮ್ಮ ಮನೆಗೆ ಬಂದ. ಅಂಗಳದಲ್ಲಿಯೇ ನಿಂತ, ಒಳಗೆ ಬರಲಿಲ್ಲ.

“ಪುಸ್ತಕ ಎಲ್ಲೈತಿ?”

“ಚೀಲದಾಗೈತಿ. ಶನಿವಾರ ಸಾಹೇಬ್ರಿಗೆ ಒಪ್ಪಸೂದು.”

“ತಗಿ. ತಿದ್ದು.”

“ತಿದ್ದಬಾರದು ಅಂತ ನಿಯಮ ಐತಿ ಚನ್ನಪ್ಪ. ಯಜಮಾನ್ರು ಹೇಳಿದ್ದ—”

“ನಿನ್ನ ನಿಯಮಕ್ಕ ವಿಭೂತಿ ಹಚ್ಚು!” ಎಂದ. ಬಳಿಕ ದನಿಯನ್ನು ತಗ್ಗಿಸಿದ. ತಗ್ಗಿದ ದನಿಯೇ ನನ್ನನ್ನು ಹೆಚ್ಚು ಚುಚ್ಚಿತು. “ನಮ್ಮವ್ವನ್ನ ಕೇಳಿದಿ. ದೇವಣಗಾಂವದಾಂವನ್ನ ಕೇಳಿದಿ. ಗ್ವಾಡಿ ಮ್ಯಾಲಿನ ಹಲ್ಲೀನೂ ಕೇಳಿರಬೇಕು. ನನ್ನ ಕೇಳಿದ್ಯೇನ?”

“ನೀ ಊರಾಗ ಇರಲಿಲ್ಲಲ್ಲಪಾ.”

“ಯಾಕ ಇರಲಿಲ್ಲ? ಕೆಲಸ ಹುಡುಕಾಕ ಹೋಗಿದ್ದೆ. ಕೆಲಸ ಹುಡುಕಾಕ ಹ್ವಾದಾಂವನ್ನ ಕೆಲಸ ಐತಿ ಅಂತ ಬರದಿ. ಭೇಷ್, ಅಯ್ಯಾ, ಭೇಷ್.”

ಶನಿವಾರಕ್ಕೆ ಇನ್ನೂ ಎರಡು ದಿನಗಳಿದ್ದವು. ಸಾಹೇಬರ ಮುಂದೆ ಕಾರಣ ಹೇಳಿದ್ದರೆ ಅವರು ನಕ್ಕು ಸಹಿ ಹಾಕುತ್ತಿದ್ದರು. ಅದರಲ್ಲಿ ನನಗೆ ಇಂದಿಗೂ ಸಂಶಯವಿಲ್ಲ. ಆದರೆ ಮದುವೆ ಮುರಿದೀತು, ನೀಲವ್ವ ನೊಂದಾಳು, ಬರೆದ ಅಕ್ಷರವನ್ನು ಕೆಡಿಸಬಾರದು ಎಂದು ಒಂದರ ಮೇಲೊಂದು ಧರ್ಮವನ್ನು ಹೇರಿಕೊಂಡು ನಾನು ಸುಮ್ಮನಾದೆ. ಸಾಹೇಬರು ನನ್ನ ಕೆಲಸವನ್ನು ಮೆಚ್ಚಲಿಕ್ಕಿಲ್ಲವೆಂಬ ಹೆದರಿಕೆಯೂ ಆ ಧರ್ಮಗಳ ಅಡಿಯಲ್ಲಿ ಅಡಗಿತ್ತು. ಅದನ್ನು ಆಗ ನೋಡಿಕೊಳ್ಳಲಿಲ್ಲ.

ನಾಲ್ಕು ತಿಂಗಳು ಮುಗಿದವು. ನಿರುದ್ಯೋಗಿಗಳನ್ನು ಎಣಿಸಿದವರೆಲ್ಲ ಒಂದೇ ದಿನದಲ್ಲಿ ನಿರುದ್ಯೋಗಿಗಳಾದೆವು. ಕೊನೆಯ ಸಾಯಂಕಾಲ ಹುಸೇನಸಾಹೇಬರು ನನ್ನ ಪುಸ್ತಕದಲ್ಲಿ ಬರಿದಾಗಿಯೇ ಉಳಿದಿದ್ದ ನಿರುದ್ಯೋಗಿಗಳ ಕಾಲಂ ಅನ್ನು ನೋಡಿ, “ಒಂದು ಹೆಸರರೆ ಇರಲಿ ಅಯ್ಯಾರ, ಶೋಭಾ ಕಾಣತೈತಿ,” ಎಂದು ನನ್ನ ಹೆಸರನ್ನೇ ಅಲ್ಲಿ ಬರೆಸಿ ತಾವು ಸಹಿ ಹಾಕಿದರು. ತಿದ್ದುವುದೂ ಸೇರಿಸುವುದೂ ಅಷ್ಟು ಸುಲಭವಾಗಿತ್ತು! ಬರಿದಾದ ಕಾಲಂನಲ್ಲಿ ಒಂಟಿಯಾಗಿ ನಿಂತ ಹೆಸರು ಎದ್ದು ಕಾಣುವುದು ಸಹಜ. ಮೂರು ತಿಂಗಳಲ್ಲಿ ತರಬೇತಿಯ ಕರೆ ಬಂದಿತು. ನಾನು ಗ್ರಾಮಸೇವಕನಾದೆ. ಮುದ್ದೇಬಿಹಾಳದ ಕಡೆಯ ಹಳ್ಳಿಗಳಲ್ಲಿ ಬೀಜ, ಗೊಬ್ಬರಗಳ ಮಾತನಾಡುತ್ತಾ ಆಯುಷ್ಯವನ್ನು ಕಳೆದು, ಇಂದು ನಿವೃತ್ತಿಯ ಅನ್ನವನ್ನು ಉಣ್ಣುತ್ತಿದ್ದೇನೆ. ಚನ್ನಪ್ಪನ ಸ್ಥಾನವನ್ನು ನಾನು ಕಸಿದೆನೆಂದು ಯಾರೂ ಹೇಳಲಾರರು. ಅವನ ಪತ್ರಾವಳಿಯನ್ನು ಎತ್ತಿಸಿದವನು ನಾನು. ಮುಂದಿನ ಬಡಿಸುವಿಕೆಯಲ್ಲಿ ಅನ್ನ ನನಗೆ ಬಿದ್ದಿತು, ಅಷ್ಟೆ.

ಚನ್ನಪ್ಪನ ಮದುವೆಯಾಯಿತು. ಮಾಸ್ತರಿಕೆಯ ಸುಳ್ಳು ತಿಂಗಳೊಳಗೆ ಬಯಲಾಯಿತು. ಹುಡುಗಿ ಏಳನೆಯ ಇಯತ್ತೆ ಮುಗಿಸಿದ್ದಾಳೆಂಬ ದೇವಣಗಾಂವದವರ ಸುಳ್ಳು ಅದಕ್ಕೂ ಮೊದಲೇ ಬಯಲಾಗಿತ್ತು. ಗಂಡ ಹೆಂಡತಿ ಚೆನ್ನಾಗಿಯೇ ಬಾಳಿದರು. ಆದರೆ ವಯಸ್ಸು ದಾಟಿದ ವರ್ಷ ಅವನು ಕಾರ್ಡನ್ನು ಹೊಸದು ಮಾಡಿಸಲು ಹೋಗಲಿಲ್ಲ. ದಾಯಾದಿಗಳ ಎತ್ತುಗಳ ಹಿಂದೆ ಹೊಲಕ್ಕೆ ಹೋದ. ಮುಂದಿನ ಎಲ್ಲ ಎಣಿಕೆಗಳಲ್ಲಿಯೂ ಅವನು ದುಡಿಯುವವನೆಂದೇ ಬಂದಿರಬೇಕು. ದಾರಿಯಲ್ಲಿ ಸಿಕ್ಕರೆ “ಶರಣ್ರಿ ಅಯ್ಯಾರ” ಎನ್ನುತ್ತಿದ್ದ. ಒಂದೇ ಬೆಂಚಿನಲ್ಲಿ ಕುಳಿತವನು ನನಗೆ ‘ರೀ’ ಹಚ್ಚಿ ಮಾತನಾಡಿದನೆಂದರೆ, ಅದಕ್ಕಿಂತ ದೊಡ್ಡ ಬೈಗುಳ ಇನ್ನಾವುದಿದ್ದೀತು? ಅವನು ತೀರಿಕೊಳ್ಳುವವರೆಗೂ ಆ ‘ರೀ’ಯನ್ನು ಬಿಡಲಿಲ್ಲ.

ಚಹಾ ಬಂದಿತು. ಸರ್ವೇಯ ಹುಡುಗಿ ಎರಡು ಗುಟುಕು ಕುಡಿದು ಮೊಬೈಲನ್ನು ಮತ್ತೆ ಎತ್ತಿಕೊಂಡಳು. “ಮತ್ತ ಏನಂತ ಬರಕೊಳ್ಳಿರಿ ಅಜ್ಜಾರ? ಟ್ಯೂಶನ್ ಅಂತ ಬರೀಲ್ಯಾ?”

“ನನ್ನ ಕೇಳಬ್ಯಾಡವ್ವಾ,” ಎಂದೆ. “ಗಿರಿಜಾ, ಹೊರಗ ಬಾ. ನಿನ್ನ ಬಗ್ಗೆ ಕೇಳಾಕತ್ತಾರ, ನೀನ ಹೇಳು.”

ಗಿರಿಜೆ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

“ಅಕ್ಕಾರ, ಹ್ವಾದ ವಾರ ಒಂದು ತಾಸರೆ ರೊಕ್ಕಕ್ಕ ಕೆಲಸ ಮಾಡೀರೇನ್ರಿ?”

“ಇಲ್ರಿ. ಮನಿ ಮುಂದಿನ ಹುಡುಗರಿಗೆ ಗಣಿತ ಹೇಳ್ತೇನಿ, ಪುಕ್ಕಟ್ಟ.”

“ಕೆಲಸ ಹುಡುಕಾಕತ್ತೀರೇನ್ರಿ? ಅರ್ಜಿ, ಪರೀಕ್ಷೆ, ಏನರೆ?”

ನಾನು ಉತ್ತರವನ್ನು ಬಲ್ಲವನಂತೆ ತಲೆದೂಗಲು ಹೊರಟಿದ್ದೆ. ಗಿರಿಜೆ ನೆಲವನ್ನು ನೋಡಿದಳು.

“ಇಲ್ರಿ. ಯುಗಾದಿ ಆದ ಮ್ಯಾಲ ಒಂದೂ ಅರ್ಜಿ ಹಾಕಿಲ್ಲ. ಬಿಟ್ಟಬಿಟ್ಟೇನಿ.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹುಡುಗಿ ಮೊಬೈಲಿನ ಮೇಲೆ ಬೆರಳಾಡಿಸಿ, ಸ್ವಲ್ಪ ಸಂಕೋಚದಿಂದ, “ಹಂಗಾದ್ರ ನೀವು ನಿರುದ್ಯೋಗಿ ಅಂತ ಬರೂದಿಲ್ರಿ ಅಕ್ಕಾರ,” ಎಂದಳು. ಅವಳು ಏಳುವಾಗ ನಾನು ಕೇಳಿದೆ, “ನಿನ್ನ ಕೆಲಸ ಎಲ್ಲಿತನಕ ಐತವ್ವಾ?” “ಈ ಸರ್ವೇ ಮುಗಿಯೂ ತನಕ ರೀ,” ಎಂದು ನಕ್ಕು ಮುಂದಿನ ಮನೆಗೆ ನಡೆದಳು.

ಯುಗಾದಿಯಿಂದ ಈಚೆಗೆ ಬಂದುಹೋದವರಿಗೆಲ್ಲ ನಾನು ಹೇಳುತ್ತಿದ್ದುದು ಒಂದೇ ಮಾತು, “ಓದಾಕತ್ತಾಳ.” ಒಳಗಿನ ಕೋಣೆಯಲ್ಲಿ ಹಾಳೆ ಮಗುಚುವ ಸದ್ದು ನನಗೆ ದಿನವೂ ಕೇಳುತ್ತಿತ್ತು.

“ಇಷ್ಟ ದಿನ ನನಗ್ಯಾಕ ಹೇಳಲಿಲ್ಲವ್ವಾ?”

“ನೀವು ಬಂದಾಂವ್ರಿಗೆಲ್ಲ ಹೇಳ್ತಿದ್ರಿ ಅಜ್ಜಾ,” ಎಂದಳು ಗಿರಿಜೆ. “ನನ್ನ ಕೇಳಲಿಲ್ಲ.”

ಹಲಗೆಯ ಮೇಲೆ ಪತ್ರಿಕೆ ಇನ್ನೂ ಬಿಡಿಸಿಕೊಂಡೇ ಬಿದ್ದಿತ್ತು, ಪ್ರಮಾಣ ಇಳಿದಿತ್ತು. ಇಳಿದುದರಲ್ಲಿ ನಮ್ಮ ಮನೆಯ ಪಾಲೂ ಉಂಟೆಂದು ಈಗ ತಿಳಿದಿತ್ತು. ಅದನ್ನು ಮಡಿಚಿ ಕೆಳಗಿಟ್ಟೆ. ನಾನು ಒಂದು ಬದಿಗೆ ಸರಿದು, ಅದು ಬಿದ್ದಿದ್ದ ಜಾಗವನ್ನು ಪಂಚೆಯ ಚುಂಗಿನಿಂದ ಒರೆಸಿ, “ಕೂಡು ಬಾ,” ಎಂದೆ. “ಮೊದಲಿಂದ ಹೇಳು.”